ನೋವಿಗೆ ಮೊದಲೇ ಕುಗ್ಗುವ ಕಾಲಿನ ಬಲ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಪ್ಪ, ಕಬ್ಬು ಮತ್ತು ಭತ್ತದ ಸೀಮೆ. ಅಲ್ಲಿನ ರೈತರು ದಿನವಿಡೀ ಗದ್ದೆಯಲ್ಲಿ ದುಡಿಯಬಲ್ಲವರು. ಅಂಥ ಗಟ್ಟಿಗರೂ ಎಂದೋ ಒಮ್ಮೆ ಮೈಸೂರಿನ ಚಾಮುಂಡಿ ಬೆಟ್ಟದ ಸುಮಾರು 1,000 ಮೆಟ್ಟಿಲುಗಳನ್ನು ಹತ್ತಿ ಇಳಿದರೆ, ಮರುದಿನ ಗೋಡೆ ಹಿಡಿದು ಏಳಬೇಕಾದೀತು. ಕರಾವಳಿಯ ನಮ್ಮ ಧರ್ಮಕೇಂದ್ರಗಳಲ್ಲೂ ಪಾದಯಾತ್ರೆ, ಬೆಟ್ಟದ ಮೇಲಿನ ಶಿಲುಬೆಹಾದಿ, ಯುವಜನರ ಕ್ರೀಡಾಕೂಟ ಮುಗಿದ ಮೇಲೆ ಇದೇ ಅನುಭವ. ಹೀಗೇಕೆ?

ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ದೇಹದ ಭಾರಕ್ಕೆ ಬ್ರೇಕ್ ಹಾಕುತ್ತಲೇ ಹಿಗ್ಗುತ್ತದೆ. ರೂಢಿಯಿಲ್ಲದ ಈ ಎಳೆತದಿಂದ ಸ್ನಾಯುವಿನ ಸೂಕ್ಷ್ಮ ಎಳೆಗಳಿಗೆ ಪೆಟ್ಟಾಗುತ್ತದೆ. ಲ್ಯಾಕ್ಟಿಕ್ ಆಮ್ಲ ಶೇಖರವಾಗಿ ನೋವು ಬರುತ್ತದೆಂಬ ಮಾತು ಸರಿಯಲ್ಲ. ಅದು ಒಂದೆರಡು ಗಂಟೆಗಳಲ್ಲೇ ಕರಗಿಹೋಗುತ್ತದೆ. ಅಮೆರಿಕದ ಥಿಯೋಡರ್ ಹಾಫ್ 1902ರಲ್ಲೇ ಈ ನೋವಿಗೆ ಸ್ನಾಯುವಿನೊಳಗಿನ ಹರಿತವೇ ಕಾರಣವೆಂದು ಬರೆದಿದ್ದರು.

ನಾವು ಗಮನಿಸಬೇಕಾದ ವಿಷಯ ಬೇರೊಂದಿದೆ. ನೋವು ತೀವ್ರವಾಗುವುದು 24ರಿಂದ 72 ಗಂಟೆಗಳೊಳಗೆ. ಆದರೆ ಕಾಲಿನ ಬಲ ಶ್ರಮ ಮುಗಿದ ಕೂಡಲೇ ಕುಗ್ಗಿರುತ್ತದೆ. ನೋವು ಇಳಿದ ಮೇಲೂ ಬಲ ಪೂರ್ತಿ ಮರಳಲು ಕೆಲವು ದಿನ ಬೇಕು. ಶ್ರಮ ಅತಿಯಾಗಿದ್ದರೆ ವಾರವೂ ಮೀರಬಹುದು. ಹಾಗಾಗಿ ನೋವಿಲ್ಲವೆಂದ ಮಾತ್ರಕ್ಕೆ ಬಲವಿದೆ ಎಂದಲ್ಲ. ನೋವಿನ ಮಾತ್ರೆ ನೋವನ್ನು ಮರೆಸೀತು, ಬಲವನ್ನು ಕೊಡಲಾರದು. ಈ ದಿನಗಳಲ್ಲಿ ಮೊಣಕಾಲಿನ ಹಿಡಿತವೂ ಸಡಿಲ. ಹಿರಿಯರು ಚರ್ಚಿನ ಮೆಟ್ಟಿಲು ಇಳಿಯುವಾಗ, ಬಲಿಪೂಜೆಯಲ್ಲಿ ಮೊಣಕಾಲೂರಿ ಏಳುವಾಗ ಆಧಾರ ಹಿಡಿಯಲಿ. ಮೆರವಣಿಗೆಯಲ್ಲಿ ಪ್ರತಿಮೆ ಹೊರುವವರನ್ನು ಆರಿಸುವಾಗಲೂ ಇದು ನೆನಪಿರಲಿ.

ಪರಿಹಾರ ಸರಳ. ಎರಡು ಮೂರು ದಿನ ಓಟ, ಭಾರ ಹೊರುವುದು ಬೇಡ. ಸಮತಟ್ಟಾದ ಜಾಗದಲ್ಲಿ ನಿಧಾನವಾಗಿ ನಡೆಯಬಹುದು. ಬಿಸಿನೀರು, ಹದವಾದ ಮಾಲೀಸು ಹಿತ ನೀಡುತ್ತವೆ. ಪಾದಯಾತ್ರೆಗೆ ಒಂದೆರಡು ವಾರ ಮೊದಲೇ ಸ್ವಲ್ಪ ಸ್ವಲ್ಪ ಇಳಿಜಾರಿನಲ್ಲಿ ನಡೆದರೆ ಅದೇ ದೊಡ್ಡ ರಕ್ಷಣೆ. ಒಮ್ಮೆ ಪೆಟ್ಟು ತಿಂದು ಚೇತರಿಸಿಕೊಂಡ ಸ್ನಾಯು ಮುಂದಿನ ಬಾರಿ ಅಷ್ಟು ನೋಯುವುದಿಲ್ಲ. ಗದ್ದೆಯ ಕೆಲಸ ರೈತನನ್ನು ನೋಯಿಸದಿರುವ ಗುಟ್ಟೂ ಇದೇ. ಆದರೆ ಒಂದು ಕೆಲಸದ ರೂಢಿ ಇನ್ನೊಂದಕ್ಕೆ ಪೂರ್ತಿ ಒದಗದು.

ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ಒಂದೇ ಕಾಲು ಊದಿಕೊಂಡರೆ ಅಥವಾ ಸಹಿಸಲಾಗದ ನೋವಿದ್ದರೆ ಮನೆಮದ್ದಿಗೆ ಕಾಯದೆ ಕೂಡಲೇ ವೈದ್ಯರನ್ನು ಕಾಣಬೇಕು.

ಸಂತ ಪೌಲರು ದೇಹವನ್ನು ದೇಗುಲಕ್ಕೆ ಹೋಲಿಸಿದ್ದಾರೆ. ಹರಕೆಯ ಹೆಸರಿನಲ್ಲಿ ಅದನ್ನು ದಣಿಸುವ ನಾವು, ಅದಕ್ಕೆ ವಿಶ್ರಾಂತಿ ಕೊಡುವುದೂ ಭಕ್ತಿಯ ಭಾಗವೆಂದು ತಿಳಿಯೋಣ.