ತಿರುವಯ್ಯಾರು

ತಿರುವಯ್ಯಾರು ತಮಿಳುನಾಡಿನ ತಂಜಾವೂರು ಜಿಲ್ಲೆಯಲ್ಲಿ, ಕಾವೇರಿಯ ದಡದಲ್ಲಿರುವ ಪುರಾತನ ಪಟ್ಟಣ. ತಂಜಾವೂರಿನಿಂದ ಉತ್ತರಕ್ಕೆ ಸುಮಾರು 13 ಕಿ.ಮೀ. ದೂರದಲ್ಲಿದೆ. ವಾಗ್ಗೇಯಕಾರ ತ್ಯಾಗರಾಜರು (1767–1847) ಜೀವಿತದ ಬಹುಭಾಗವನ್ನು ಕಳೆದ ಊರೆಂಬುದೇ ಇದರ ಪ್ರಸಿದ್ಧಿಗೆ ಮುಖ್ಯ ಕಾರಣ. ಅವರು ಹುಟ್ಟಿದ್ದು ತಿರುವಾರೂರಿನಲ್ಲಿ. ಬಾಲ್ಯದಲ್ಲೇ ಕುಟುಂಬ ಇಲ್ಲಿಗೆ ಬಂದು ನೆಲೆಸಿತು.

ಹೆಸರು ಮತ್ತು ದೇವಾಲಯ

ತಮಿಳಿನಲ್ಲಿ 'ಐಯಾರು' ಎಂದರೆ ಐದು ನದಿಗಳು. ಕಾವೇರಿ, ಕುಡಮುರುಟ್ಟಿ, ವೆಣ್ಣಾರು, ವೆಟ್ಟಾರು ಮತ್ತು ವಡವಾರುಗಳು ಈ ಸೀಮೆಯಲ್ಲಿ ಹರಿಯುವುದರಿಂದ ಈ ಹೆಸರು ಬಂದಿದೆ. ಇಲ್ಲಿನ ಶಿವನಿಗೆ ಪಂಚನದೀಶ್ವರ, ತಮಿಳಿನಲ್ಲಿ ಐಯಾರಪ್ಪರ್ ಎಂದು ಹೆಸರು. ದೇವಿ ಧರ್ಮಸಂವರ್ಧಿನಿಯನ್ನು ಕುರಿತು ರಾಮಭಕ್ತರಾದ ತ್ಯಾಗರಾಜರೂ ಕೀರ್ತನೆಗಳನ್ನು ರಚಿಸಿದ್ದಾರೆ.

ತ್ಯಾಗರಾಜರ ಮನೆ

ದೇವಾಲಯಕ್ಕೆ ಸಮೀಪದ ತಿರುಮಂಜನ ಬೀದಿಯಲ್ಲಿ ತ್ಯಾಗರಾಜರ ಮನೆಯಿತ್ತು. ಈಗ ಅಲ್ಲಿರುವುದು ಹಳೆಯ ಮನೆಯನ್ನು ಕೆಡವಿ ಅದೇ ನಿವೇಶನದಲ್ಲಿ ಕಟ್ಟಿದ ಸ್ಮಾರಕ. ಆಸ್ಥಾನದ ಆಹ್ವಾನವನ್ನು ನಿರಾಕರಿಸಿ ಉಂಛವೃತ್ತಿಯಿಂದ ಬದುಕಿದವರ ಮನೆಯ ಗೋಡೆ, ಜಗಲಿಗಳನ್ನು ನೋಡಬಯಸಿ ಬಂದವರಿಗೆ ಇಲ್ಲಿ ತುಸು ನಿರಾಶೆಯಾಗುವುದು ಸಹಜ.

ಸಮಾಧಿ ಮತ್ತು ನಾಗರತ್ನಮ್ಮ

ತ್ಯಾಗರಾಜರು ದೇಹತ್ಯಾಗಕ್ಕೆ ಸ್ವಲ್ಪ ಮುನ್ನ ಸಂನ್ಯಾಸ ಸ್ವೀಕರಿಸಿದ್ದರು. ಸಂನ್ಯಾಸಿಗಳಿಗೆ ದಹನಸಂಸ್ಕಾರವಿಲ್ಲವಾದುದರಿಂದ ಅವರನ್ನು ಕಾವೇರಿಯ ದಡದಲ್ಲಿ ಸಮಾಧಿ ಮಾಡಲಾಯಿತು. ಅನಂತರ ಹಲವು ದಶಕ ಆ ಸ್ಥಳ ಪಾಳುಬಿದ್ದಿತ್ತು. 20ನೆಯ ಶತಮಾನದ ಆರಂಭದಲ್ಲಿ ಶಿಷ್ಯಪರಂಪರೆಯವರು ಅದನ್ನು ಗುರುತಿಸಿ ದುರಸ್ತಿ ಮಾಡಿ ವಾರ್ಷಿಕ ಆರಾಧನೆಯನ್ನು ನಡೆಸತೊಡಗಿದರು. ಬೇಗನೆ ಅವರಲ್ಲಿ ದೊಡ್ಡ ಪಕ್ಷ, ಸಣ್ಣ ಪಕ್ಷವೆಂಬ ಒಡಕು ಮೂಡಿತು. ಪಕ್ಷಗಳು ಬೇರೆಯಾದರೂ ಒಂದು ವಿಷಯದಲ್ಲಿ ಎರಡಕ್ಕೂ ಒಮ್ಮತವಿತ್ತು: ಸಮಾಧಿಯ ಮುಂದೆ ಸ್ತ್ರೀಯರು ಹಾಡಬಾರದು.

ಇಂದು ಕಾಣುವ ಸಮಾಧಿಮಂದಿರವನ್ನು ಕಟ್ಟಿಸಿದವರು ಒಬ್ಬ ಸ್ತ್ರೀ ಎಂಬುದು ಈ ಇತಿಹಾಸದ ವಿಪರ್ಯಾಸ. ನಂಜನಗೂಡಿನಲ್ಲಿ 1878ರಲ್ಲಿ ಜನಿಸಿದ ಬೆಂಗಳೂರು ನಾಗರತ್ನಮ್ಮ ದೇವದಾಸಿ ಸಮುದಾಯದಿಂದ ಬಂದು ಮದರಾಸಿನಲ್ಲಿ ಖ್ಯಾತಿ ಗಳಿಸಿದ ಗಾಯಕಿ. ಸಮಾಧಿಯ ದುಃಸ್ಥಿತಿಯನ್ನು ತಿಳಿದು ತಮ್ಮ ಗಳಿಕೆಯಿಂದಲೇ ಅಲ್ಲಿ ಜಾಗ ಪಡೆದು, 1921ರಲ್ಲಿ ನಿರ್ಮಾಣಕಾರ್ಯ ಆರಂಭಿಸಿದರು. 1925ರಲ್ಲಿ ಪ್ರತಿಷ್ಠೆ ನೆರವೇರಿತು. ಆದರೂ ಆರಾಧನೆಯಲ್ಲಿ ಹಾಡಲು ಅವರಿಗೆ ಅವಕಾಶ ದೊರೆಯಲಿಲ್ಲ. 1927ರಲ್ಲಿ ಅವರು ಸಮಾಧಿಯ ಹಿಂಬದಿಯಲ್ಲಿ ಸ್ತ್ರೀಯರದೇ ಆರಾಧನೆಯನ್ನು ಆರಂಭಿಸಿದರು. 1940ರ ಹೊತ್ತಿಗೆ ಪಕ್ಷಗಳೆಲ್ಲ ಒಂದಾಗಿ, ಸ್ತ್ರೀಯರಿಗೂ ಹಾಡುವ ಹಕ್ಕು ಲಭಿಸಿತು. 1952ರಲ್ಲಿ ನಿಧನರಾದ ನಾಗರತ್ನಮ್ಮನವರ ಸ್ಮಾರಕವೂ ಇದೇ ಆವರಣದಲ್ಲಿದೆ. ಅವರ ಪ್ರತಿಮೆ ತ್ಯಾಗರಾಜರ ಸನ್ನಿಧಿಯತ್ತ ಮುಖ ಮಾಡಿದೆ. ಅವಸರದಲ್ಲಿ ಬಂದುಹೋಗುವವರು ಇದನ್ನು ಗಮನಿಸದೆ ಹೋಗುವುದುಂಟು.

ಆರಾಧನೆ

ಪುಷ್ಯ ಬಹುಳ ಪಂಚಮಿಯಂದು, ಸಾಮಾನ್ಯವಾಗಿ ಜನವರಿಯಲ್ಲಿ, ಆರಾಧನೆ ನಡೆಯುತ್ತದೆ. ಆ ದಿನ ಕಲಾವಿದರು ಒಟ್ಟಾಗಿ ಕುಳಿತು ನಾಟ, ಗೌಳ, ಆರಭಿ, ವರಾಳಿ ಮತ್ತು ಶ್ರೀ ರಾಗಗಳ ಪಂಚರತ್ನ ಕೃತಿಗಳನ್ನು ಹಾಡುತ್ತಾರೆ. ಮೊದಲ ಕೃತಿ ಸಂಸ್ಕೃತದಲ್ಲಿಯೂ ಉಳಿದ ನಾಲ್ಕು ತೆಲುಗಿನಲ್ಲಿಯೂ ಇವೆ. ಈ ಸಾಮೂಹಿಕ ಗಾಯನ ತ್ಯಾಗರಾಜರ ಕಾಲದ್ದೆಂದು ಹಲವರು ಭಾವಿಸುತ್ತಾರೆ. ವಾಸ್ತವವಾಗಿ ಇದು ರೂಢಿಗೆ ಬಂದದ್ದು ಪಕ್ಷಗಳು ಒಂದುಗೂಡಿದ ಕಾಲದಲ್ಲಿ.

ಕರ್ನಾಟಕದೊಡನೆ ಸಂಬಂಧ

ಮೈಸೂರು ವಾಸುದೇವಾಚಾರ್ಯರು ಮಹಾರಾಜರ ನೆರವಿನಿಂದ ಇಲ್ಲಿಗೆ ಬಂದು, ತ್ಯಾಗರಾಜರ ಶಿಷ್ಯಪರಂಪರೆಯ ಪಟ್ನಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿ ಗುರುಕುಲವಾಸ ಮಾಡಿದರು. ಮೈಸೂರಿನ ಗಾಯನಕ್ಕೆ ತ್ಯಾಗರಾಜರ ಪರಂಪರೆ ಹರಿದುಬಂದ ದಾರಿಗಳಲ್ಲಿ ಇದೂ ಒಂದು.

ಭೇಟಿ

ತಂಜಾವೂರಿನಿಂದ ಬಸ್ಸಿನ ಸೌಕರ್ಯವಿದೆ. ದೇವಾಲಯ, ಮನೆ ಮತ್ತು ಸಮಾಧಿಗಳನ್ನು ಅರ್ಧ ದಿನದಲ್ಲಿ ನೋಡಬಹುದು. ಆರಾಧನೆಯ ದಿನಗಳಲ್ಲಿ ಜನಸಂದಣಿ ಹೆಚ್ಚು. ಸಮಾಧಿಯನ್ನೂ ಅದರ ಒಳಗೋಡೆಗಳ ಮೇಲೆ ಕೆತ್ತಿರುವ ಕೀರ್ತನೆಗಳನ್ನೂ ನಿಧಾನವಾಗಿ ನೋಡಬಯಸುವವರಿಗೆ ಉಳಿದ ದಿನಗಳೇ ಅನುಕೂಲ.