ಮನೆ ವಿಸ್ತರಣೆ: ಪರವಾನಗಿಯ ಅವಧಿಯೊಳಗೆ ಕೆಲಸ ಆರಂಭಿಸುವುದೆಂದರೇನು?

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೇ ಪ್ರಕರಣದ ಮೇರೆಗೆ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿಯಿಲ್ಲದೆ ಕಟ್ಟಡ ನಿರ್ಮಿಸುವಂತಿಲ್ಲ. ಇರುವ ಮನೆಗೆ ಕೋಣೆ ಸೇರಿಸುವುದೂ ಮೇಲಂತಸ್ತು ಏರಿಸುವುದೂ ಇದೇ ಪ್ರಕರಣಕ್ಕೆ ಒಳಪಡುತ್ತವೆ. ಇದು ಸದಸ್ಯರಿಗೆ ತಿಳಿದ ವಿಷಯ. ಆದರೆ ಪರವಾನಗಿ ಪತ್ರದಲ್ಲಿ ನಮೂದಾದ ಅವಧಿಯ ಕಡೆಗೆ ದೃಷ್ಟಿ ಹೋಗುವುದು ಅಪರೂಪ.

ಕಿರಂಗೂರಿನಂತಹ ನಾಲಾ ಬಯಲಿನ ಗ್ರಾಮದಲ್ಲಿ ಆ ಅವಧಿ ಸದ್ದಿಲ್ಲದೆ ಕಳೆಯುತ್ತದೆ. ಆಷಾಢದಲ್ಲಿ ಗುದ್ದಲಿ ಪೂಜೆ ಮಾಡುವವರು ವಿರಳ. ನಾಲೆಗೆ ನೀರು ಬಿಟ್ಟ ಮೇಲೆ ಗದ್ದೆ ಬದಿಯ ನಿವೇಶನದಲ್ಲಿ ಪಾಯ ಅಗೆದರೆ ಗುಂಡಿಯಲ್ಲಿ ನೀರು ಒಸರುತ್ತದೆ. ಕೂಲಿಯಾಳುಗಳು ನಾಟಿಗೆ ಹೋಗಿರುತ್ತಾರೆ. ಅನಂತರ ಪಿತೃಪಕ್ಷ, ಬನ್ನಿಮಂಟಪದ ದಸರಾ, ಕೊಯ್ಲು, ಧನುರ್ಮಾಸ. ಕಬ್ಬಿನ ಹಣ ಕೈಸೇರುವ ಹೊತ್ತಿಗೆ ಪರವಾನಗಿಗೆ ಕೆಲವೇ ದಿನ ಉಳಿದಿರುತ್ತದೆ. ಆಗ ಮನೆಯ ಮುಂದೆ ಒಂದು ಲೋಡ್ ಜಲ್ಲಿ ಸುರಿಸಿ, ‘ಕೆಲಸ ಶುರುವಾಯಿತು’ ಎನ್ನುವುದು ವಾಡಿಕೆ.

ಸಾಮಗ್ರಿ ಸಂಗ್ರಹಣೆಯನ್ನು ನಿರ್ಮಾಣವೆನ್ನಲಾಗದು. ‘ಆರಂಭ’ ಯಾವುದೆಂಬುದನ್ನು 64ನೇ ಪ್ರಕರಣ ವಿವರಿಸಿಲ್ಲ. ಇಂಗ್ಲೆಂಡಿನ 1990ರ ಯೋಜನಾ ಕಾಯ್ದೆಯಾದರೋ ಪಾಯಕ್ಕಾಗಿ ಅಗೆದ ಕಂದಕವನ್ನೂ ಆರಂಭವೆಂದು ಒಪ್ಪುತ್ತದೆ. ಆ ನಿಯಮ ಇಲ್ಲಿಗೆ ಅನ್ವಯಿಸದಿದ್ದರೂ ಅದರ ತರ್ಕ ಸರಿಯಾದುದೇ: ಮಂಜೂರಾದ ನಕ್ಷೆಯಂತೆ ಗುರುತು ಹಾಕಿ, ಅದೇ ಅಳತೆಯಲ್ಲಿ ಅಗೆದು, ತಳದ ಕಾಂಕ್ರೀಟ್ ಹಾಕಿದ್ದರೆ ವಿವಾದಕ್ಕೆ ಆಸ್ಪದ ಕಡಿಮೆ. ವಸತಿ ಯೋಜನೆಗಳಲ್ಲಿ ತಳಪಾಯ, ಲಿಂಟಲ್, ಛಾವಣಿ ಹಂತಗಳ ಜಿಪಿಎಸ್ ಛಾಯಾಚಿತ್ರ ತೆಗೆಯುವ ಪದ್ಧತಿ ಸದಸ್ಯರಿಗೆ ಪರಿಚಿತ. ಸ್ವಂತ ಹಣದಲ್ಲಿ ಕಟ್ಟುವವರೂ ತಳಪಾಯದ ದಿನ ಅಂತಹುದೇ ಚಿತ್ರ ತೆಗೆದು, ಪಂಚಾಯಿತಿಗೆ ಲಿಖಿತ ಮಾಹಿತಿ ನೀಡಿ ಸ್ವೀಕೃತಿ ಪಡೆದಿಟ್ಟುಕೊಳ್ಳುವುದು ಕ್ಷೇಮ.

ಮೇಲಂತಸ್ತಿನ ವಿಷಯ ಬೇರೆ, ಮತ್ತು ಹೆಚ್ಚು ಗಂಭೀರ. ಅಲ್ಲಿ ಅಗೆಯುವ ಕೆಲಸವೇ ಇಲ್ಲದ ಕಾರಣ ದಿನಾಂಕ ಸಮೀಪಿಸಿತೆಂದು ನೇರವಾಗಿ ಗೋಡೆ ಏರಿಸಿಬಿಡುತ್ತಾರೆ. ಹಳೆಯ ಹೆಂಚಿನ ಮನೆಗಳ ಪಾಯ ಬಹುಮಟ್ಟಿಗೆ ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಲ್ಲಿನದು. ಹೆಂಚಿನ ಛಾವಣಿ ಹಗುರ. ಆರು ಅಂಗುಲ ದಪ್ಪದ ಆರ್‌ಸಿಸಿ ತಾರಸಿಯಾದರೆ ಒಂದು ಚದರ ಮೀಟರಿಗೆ ಸುಮಾರು 375 ಕಿಲೋಗ್ರಾಂ ತೂಗುತ್ತದೆ. ಗೋಡೆಯ ಭಾರ ಪ್ರತ್ಯೇಕ. ಒಂದು ಮೂಲೆಯಲ್ಲಿ ಪಾಯ ತೋಡಿಸಿ ಅಗಲ, ಆಳ, ಗಾರೆಯ ಸ್ಥಿತಿಯನ್ನು ಎಂಜಿನಿಯರರಿಂದ ಪರೀಕ್ಷಿಸದೆ ಅವಸರಪಡುವುದಕ್ಕಿಂತ ಅವಧಿ ತೀರಲು ಬಿಡುವುದೇ ಲೇಸು. ಶುಲ್ಕ ಮತ್ತೆ ಕಟ್ಟಬಹುದು.

ಹಾಗೆಂದು ಅವಧಿ ಮೀರಿದ ಹಾಳೆಯ ಮೇಲೆ ಕಾಮಗಾರಿ ನಡೆಸಿದರೆ ಅದು ಅನುಮತಿಯಿಲ್ಲದ ನಿರ್ಮಾಣವಾಗಿ ಪರಿಗಣಿತವಾಗಬಹುದು. ಅಂತಹ ಕೆಲಸವನ್ನು ನಿಲ್ಲಿಸಲೂ, ನೋಟಿಸು ನೀಡಿ ತೆರವುಗೊಳಿಸಲು ಸೂಚಿಸಲೂ ಪಂಚಾಯಿತಿಗೆ ಅಧಿಕಾರವಿದೆ. ಆ ನೋಟಿಸಿಗೆ ಎದುರಾಗುವವರು ಬಹುತೇಕ ಸದಸ್ಯರ ಬೀದಿಯವರೇ. ಆದ್ದರಿಂದ ಮುಂದಿನ ಮೂರು ತಿಂಗಳಲ್ಲಿ ಅವಧಿ ಮುಗಿಯುವ ಪರವಾನಗಿಗಳ ಪಟ್ಟಿಯನ್ನು ಸಭೆಯಲ್ಲಿ ಕೇಳಿ ಪಡೆದು, ಆಯಾ ವಾರ್ಡಿನ ಸದಸ್ಯರು ಮನೆಯವರಿಗೆ ಮುಂಚಿತವಾಗಿ ತಿಳಿಸತಕ್ಕದ್ದು. ಕೆಲಸ ಆರಂಭಿಸಲಾಗದವರು ಕೊನೆಯ ದಿನಾಂಕದೊಳಗೆ ಕಾರಣ ಸಹಿತ ನವೀಕರಣದ ಅರ್ಜಿ ಸಲ್ಲಿಸುವಂತೆ ನೋಡಿಕೊಳ್ಳತಕ್ಕದ್ದು.