ಆಕರಗಳ ಪಟ್ಟಿಯನ್ನು ಓದುವುದು ಹೇಗೆ?

ವಿದ್ಯಾರ್ಥಿಯೊಬ್ಬ ಸೆಮಿನಾರಿಗೆಂದು ಪ್ರಬಂಧ ಬರೆದು ತರುತ್ತಾನೆ. ಕೊನೆಯಲ್ಲಿ ಇಪ್ಪತ್ತು ಆಕರಗಳ ಪಟ್ಟಿ ಇದೆ. ಅದನ್ನು ಕಂಡ ಕೂಡಲೇ ಪ್ರಬಂಧದ ಮೇಲೆ ನಮಗೆ ಗೌರವ ಮೂಡುತ್ತದೆ. ಆದರೆ ಆ ಇಪ್ಪತ್ತರಲ್ಲಿ ಅವನು ಓದಿರುವುದು ಎಷ್ಟು? ನಾವು ತೆರೆದು ನೋಡುವುದು ಎಷ್ಟು? ಇದು ಕೇವಲ ಶಿಸ್ತಿನ ಪ್ರಶ್ನೆಯಲ್ಲ ಎಂಬುದಕ್ಕೆ ಒಂದು ಉದಾಹರಣೆ ನೋಡೋಣ.

1980ರ ಜನವರಿಯಲ್ಲಿ ಅಮೆರಿಕದ ಪ್ರಖ್ಯಾತ ವೈದ್ಯಕೀಯ ನಿಯತಕಾಲಿಕ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಜೇನ್ ಪೋರ್ಟರ್ ಮತ್ತು ಹರ್ಷೆಲ್ ಜಿಕ್ ಅವರ ಪತ್ರವೊಂದು ಪ್ರಕಟವಾಯಿತು. ಅದರಲ್ಲಿದ್ದದ್ದು ಐದೇ ವಾಕ್ಯ. ಆಸ್ಪತ್ರೆಗೆ ದಾಖಲಾಗಿದ್ದ 11,882 ರೋಗಿಗಳಿಗೆ ಅಫೀಮು ವರ್ಗದ ನೋವುನಿವಾರಕಗಳನ್ನು ಕೊಡಲಾಗಿತ್ತು. ಹಿಂದೆ ಚಟವಿಲ್ಲದವರು ಚಟಕ್ಕೆ ಬಿದ್ದದ್ದಕ್ಕೆ ಸರಿಯಾದ ದಾಖಲೆಯಿರುವ ಪ್ರಕರಣಗಳು ನಾಲ್ಕೇ ಎಂಬುದು ಅದರ ಸಾರ. ಔಷಧವನ್ನು ಎಷ್ಟು ದಿನ ಕೊಟ್ಟರು, ಮನೆಗೆ ಹೋದ ಮೇಲೆ ರೋಗಿಗಳು ಏನಾದರು ಎಂಬ ವಿವರ ಪತ್ರದಲ್ಲಿಲ್ಲ.

2017ರಲ್ಲಿ ಅದೇ ನಿಯತಕಾಲಿಕದಲ್ಲಿ ಈ ಪತ್ರವನ್ನು ಉಲ್ಲೇಖಿಸಿದ 608 ಬರಹಗಳ ವಿಶ್ಲೇಷಣೆಯೊಂದು ಪ್ರಕಟವಾಯಿತು. ಅವುಗಳಲ್ಲಿ 439 ಬರಹಗಳು, ಅಂದರೆ ಶೇಕಡ 72ರಷ್ಟು, 'ಈ ಔಷಧಗಳಿಂದ ಚಟ ಹತ್ತುವುದು ಅಪರೂಪ' ಎಂಬುದಕ್ಕೆ ಪತ್ರವನ್ನೇ ಪುರಾವೆಯಾಗಿ ಕೊಟ್ಟಿದ್ದವು. ಆ ರೋಗಿಗಳು ಆಸ್ಪತ್ರೆಯಲ್ಲಿದ್ದವರು ಎಂಬ ಮುಖ್ಯ ಸಂಗತಿಯನ್ನೇ 491 ಬರಹಗಳು ಹೇಳಿರಲಿಲ್ಲ! ಈ ನಡುವೆ, 1990ರ ದಶಕದಿಂದ, ಮನೆಯಲ್ಲಿರುವ ರೋಗಿಗಳ ದೀರ್ಘಕಾಲದ ನೋವಿಗೂ ಇವನ್ನು ಧಾರಾಳವಾಗಿ ಬರೆದುಕೊಡುವ ರೂಢಿ ಅಮೆರಿಕದಲ್ಲಿ ಬೆಳೆದಿತ್ತು. 1999ರಿಂದ 2019ರ ವರೆಗೆ ಅಲ್ಲಿ ಈ ವರ್ಗದ ಔಷಧಗಳ ಹಾಗೂ ಮಾದಕ ವಸ್ತುಗಳ ಅತಿಸೇವನೆಯಿಂದ ಸತ್ತವರು ಸುಮಾರು 5 ಲಕ್ಷ. ಇದಕ್ಕೆ ಆ ಪತ್ರವೊಂದೇ ಕಾರಣವಲ್ಲ. ಆದರೆ ವೈದ್ಯರ ಎಚ್ಚರಿಕೆ ಸಡಿಲವಾಗಲು ಅದನ್ನು ಉಲ್ಲೇಖಿಸಿದ ರೀತಿಯೂ ನೆರವಾಯಿತು.

ತಪ್ಪು ಎಲ್ಲಾಯಿತು? ಪ್ರಯೋಗಶಾಲೆಯನ್ನು ನೆನಪಿಸಿಕೊಳ್ಳಿ. ಲೋಲಕದ ಆಂದೋಲನ ಕಾಲವನ್ನು ಹತ್ತು ಬಾರಿ ಅಳೆದು ಸರಾಸರಿ ತೆಗೆದರೆ ಯಾದೃಚ್ಛಿಕ ದೋಷ ಕಡಿಮೆಯಾಗುತ್ತದೆ. ಒಮ್ಮೆ ಅಳೆದು ಅದೇ ಅಂಕಿಯನ್ನು ಹತ್ತು ಸಾಲುಗಳಲ್ಲಿ ಬರೆದರೆ? ಕೋಷ್ಟಕ ತುಂಬುತ್ತದೆ, ದೋಷ ಇದ್ದಷ್ಟೇ ಇರುತ್ತದೆ. 439 ಉಲ್ಲೇಖಗಳು 439 ಪುರಾವೆಗಳಲ್ಲ. ಒಂದೇ ಅಳತೆಯ ನಕಲುಗಳು.

ಎರಡನೆಯ ತಪ್ಪು, ಷರತ್ತನ್ನು ಬಿಟ್ಟದ್ದು. 'ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ' ಎನ್ನುವಾಗ ವಾಯುಭಾರವನ್ನು ಹೇಳದಿದ್ದರೆ ಮಾತು ಅಪೂರ್ಣ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಅದು ಸುಮಾರು 97 ಡಿಗ್ರಿಯಲ್ಲೇ ಕುದಿಯುತ್ತದೆ. ಹಾಗೆಯೇ 'ಆಸ್ಪತ್ರೆಯಲ್ಲಿದ್ದ ರೋಗಿಗಳಲ್ಲಿ' ಎಂಬ ಷರತ್ತು ಬಿಟ್ಟುಹೋದಾಗ ಪತ್ರದ ಅರ್ಥವೇ ಬದಲಾಯಿತು.

ಆದ್ದರಿಂದ ಆಕರಗಳ ಪಟ್ಟಿಯನ್ನು ಕಂಡಾಗ ನೀವು ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ:

1. ಮೂಲ ಬರಹ ನಿಜವಾಗಿಯೂ ಇದೆಯೇ? ಇಂದು ಕಂಪ್ಯೂಟರ್ ತಂತ್ರಾಂಶಗಳು ಇಲ್ಲದ ಪ್ರಬಂಧಗಳ ಹೆಸರನ್ನೂ ಸೃಷ್ಟಿಸಿ ಕೊಡಬಲ್ಲವು.

2. ಅದು ಯಾವ ಬಗೆಯದು? ಪ್ರಯೋಗದ ವರದಿಯೇ, ವಿಮರ್ಶಾ ಲೇಖನವೇ, ಬರಿಯ ಪತ್ರವೇ?

3. ಲೇಖಕರು ಹೇಳಿದ್ದನ್ನು ಮೂಲವೂ ಹೇಳುತ್ತದೆಯೇ? ಯಾವ ಷರತ್ತಿನಲ್ಲಿ?

4. ಆಕರಗಳು ಪರಸ್ಪರ ಸ್ವತಂತ್ರವೇ, ಇಲ್ಲವೇ ಎಲ್ಲವೂ ಒಂದೇ ಮೂಲಕ್ಕೆ ಹೋಗಿ ಸೇರುತ್ತವೆಯೇ?

5. ಅದನ್ನು ಅನಂತರ ಹಿಂತೆಗೆದುಕೊಳ್ಳಲಾಗಿದೆಯೇ? ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ 1998ರಲ್ಲಿ ಬಂದ ಪ್ರಬಂಧ 2010ರಲ್ಲಿ ರದ್ದಾಯಿತು.

ಹೆಚ್ಚು ಬಾರಿ ಉಲ್ಲೇಖಗೊಂಡದ್ದೆಲ್ಲ ಸರಿ ಎಂದಲ್ಲ, ಖಂಡಿಸುವುದಕ್ಕೂ ಉಲ್ಲೇಖಿಸುತ್ತಾರೆ.

ಶಿಕ್ಷಕರು ಇದನ್ನು ತರಗತಿಯಲ್ಲಿಯೇ ಮಾಡಿಸಬಹುದು. ಒಂದು ಲೇಖನವನ್ನು ಆರಿಸಿ, ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ಆಕರವನ್ನು ಹಂಚಿ. ಮೂಲದಲ್ಲಿ ಏನಿದೆ ಎಂಬುದನ್ನು ಎರಡು ವಾಕ್ಯಗಳಲ್ಲಿ ಬರೆದು ತರಲಿ. ಐದು ವಾಕ್ಯಗಳ ಆ ಪತ್ರವನ್ನು ಓದಲು ಒಂದು ನಿಮಿಷ ಸಾಕಿತ್ತು.